ಸೆಣಬು ಬಿತ್ತಿದ ವರ್ಷ

ನಮ್ಮ ಮನೆಯಲ್ಲಿ ಒಂದು ಮಾತು ಬಳಕೆಯಲ್ಲಿದೆ. ಯಾರಾದರೂ ಹೊಸ ಬೀಜ ತಂದರೆ, ಹೊಸ ಔಷಧಿ ಹೊಡೆದು ನೋಡೋಣ ಎಂದರೆ, ಕೊನೆಗೆ ಕುಕ್ಕರಿನಲ್ಲಿ ಮುದ್ದೆ ಮಾಡಿ ನೋಡೋಣ ಎಂದರೂ ಸರಿ, ಒಬ್ಬರಲ್ಲ ಒಬ್ಬರು ಹೇಳುತ್ತಾರೆ: "ಸೆಣಬಿನ ಕತೆ ಆದಾತು, ನೋಡ್ಕಳಿ." ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಆ ಕತೆ ನನ್ನದು. ಹದಿಮೂರು ವರ್ಷದಿಂದ ಅದನ್ನು ಬೇರೆಯವರ ಬಾಯಲ್ಲಿ ಕೇಳುತ್ತಿದ್ದೇನೆ. ಇಲ್ಲಿ ನಡೆದ ಹಾಗೆ ಬರೆಯುತ್ತೇನೆ.

ನಾನು ಕೆ.ಆರ್. ನಗರದ ಕಡೆಯವಳು. ನಾಲೆ ನೀರಿನ ಊರು. ಭತ್ತ ಕೊಯ್ದ ಗದ್ದೆಯಲ್ಲಿ ತೇವ ಆರುವುದರೊಳಗೆ ಉದ್ದನ್ನೋ ಅಲಸಂದೆಯನ್ನೋ ಚೆಲ್ಲುವುದು ನಮ್ಮಲ್ಲಿ ವಾಡಿಕೆ. ಯಾಕೆಂದು ಕೇಳಿದರೆ ಅಪ್ಪ "ಭೂಮಿ ತಣ್ಣಗಾಯ್ತದೆ" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನ ಕಾರಣ ಅವರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಾದದ್ದು ಮೈಸೂರಿನಲ್ಲಿ, ಬಿ.ಎಸ್ಸಿ. ಎರಡನೇ ವರ್ಷದ ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ. ನಮ್ಮ ಮೇಡಂ ಒಂದು ದಿನ ಅಲಸಂದೆ ಗಿಡವನ್ನು ಬೇರು ಸಮೇತ ಕಿತ್ತು, ತೊಳೆದು, ಟ್ರೇಯಲ್ಲಿ ಹರಡಿದರು. ಬೇರಿನ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು, ಕೆಲವು ಮೆಣಸಿನ ಕಾಳಿನಷ್ಟು ಗಂಟುಗಳು. ಒಂದನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ ತೋರಿಸಿದರು. ಒಳಗೆ ಕೆಂಪಗಿತ್ತು, ಸೂಜಿ ಚುಚ್ಚಿದ ಬೆರಳಿನ ತುದಿಯ ಹಾಗೆ.

ಗಾಳಿಯಲ್ಲಿ ಬೇಕಾದಷ್ಟು ಸಾರಜನಕವಿದ್ದರೂ ಗಿಡಕ್ಕೆ ಅದನ್ನು ಹಾಗೇ ಬಳಸಿಕೊಳ್ಳಲು ಬರುವುದಿಲ್ಲ, ಮಣ್ಣಿನಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾಕ್ಕೆ ಬರುತ್ತದೆ ಎಂದು ಅವರು ವಿವರಿಸಿದರು. ದ್ವಿದಳ ಧಾನ್ಯದ ಗಿಡ ಬೇರಿನಿಂದ ಒಂದು ರಸ ಬಿಡುತ್ತದೆ. ಅದರ ಸುಳಿವು ಹಿಡಿದು ಬಂದ ಬ್ಯಾಕ್ಟೀರಿಯಾ ತನ್ನ ಕಡೆಯಿಂದ ಇನ್ನೊಂದು ರಸ ಬಿಡುತ್ತದೆ. ಇದು ನಮ್ಮದೇ ಜೋಡಿ ಎಂದು ಗಿಡಕ್ಕೆ ಗೊತ್ತಾದ ಮೇಲೆ ಬೇರಿನ ಕೂದಲು ಕೊಕ್ಕೆಯಂತೆ ಬಾಗಿ ಅದನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಗಂಟು ಕಟ್ಟುತ್ತದೆ. ಗಿಡ ಸಕ್ಕರೆ ಕೊಡುತ್ತದೆ, ಅವು ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವ ಹಾಗೆ ಮಾಡಿಕೊಡುತ್ತವೆ. "ಮಣ್ಣಲ್ಲೇ ಸಾರಜನಕ ಧಾರಾಳವಾಗಿದ್ದರೆ ಗಿಡ ಅವುಗಳನ್ನು ಕರೆಯೋದೇ ಇಲ್ಲ" ಎಂದು ಮೇಡಂ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ನಾಲ್ಕು ಪುಟ ಬರೆದೆ.

ಓದು ಮುಗಿದ ಮರುವರ್ಷ ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ಇರುವ ಊರಿಗೆ ಮದುವೆಯಾಗಿ ಬಂದೆ. ಅದು ಹೊಗೆಸೊಪ್ಪಿನ ಊರು. ಮನೆಯ ಹಿಂದೆ ಎರಡು ಬ್ಯಾರನ್ ಇದ್ದವು, ಬೆಂಕಿಯ ಕಾವಿನಲ್ಲಿ ಸೊಪ್ಪು ಬೇಯಿಸುವ ಎತ್ತರದ ಕೋಣೆಗಳು. ಮಳೆಗಾಲದ ಕೊನೆಯಿಂದ ಮನೆಯೊಳಗಿನ ಹಾಸಿಗೆ, ಸೀರೆ, ಹಾಲಿನ ಪಾತ್ರೆ ಎಲ್ಲದಕ್ಕೂ ಅದೇ ವಾಸನೆ. ಅತ್ತೆ ಮಾವ ಇರಲಿಲ್ಲ. ಮನೆ ನಡೆಸುತ್ತಿದ್ದವರು ಭಾವ, ಅಂದರೆ ನನ್ನ ಗಂಡನ ಅಣ್ಣ. ಬೇಸಾಯದಲ್ಲಿ ಊರಿಗೆ ಹೆಸರಾದವರು. ಎಲೆಯ ಬೆನ್ನು ಸವರಿ ನಾಳೆ ಮುರಿಯಬೇಕೋ ನಾಡಿದ್ದೋ ಎಂದು ಹೇಳಬಲ್ಲವರು. ನನ್ನ ಗಂಡ ಅವರಿಗಿಂತ ಹನ್ನೊಂದು ವರ್ಷ ಚಿಕ್ಕವರು. ಅಣ್ಣ ಕೆಮ್ಮಿದರೆ ಎದ್ದು ನಿಲ್ಲುವವರು.

ಭಾವನ ಮುಂದೆ ತಮ್ಮನ ಹೆಂಡತಿ ನಿಂತು ಮಾತಾಡುವ ವಾಡಿಕೆ ಆ ಮನೆಯಲ್ಲಿರಲಿಲ್ಲ. ಉಪ್ಪು ಮುಗಿದಿದ್ದರೆ ವಾರಗಿತ್ತಿಯ ಮೂಲಕ ತಿಳಿಸಬೇಕು, ಹೊಲದ ಮಾತಾದರೆ ಗಂಡನ ಮೂಲಕ. ವಾರಗಿತ್ತಿ ಒಳ್ಳೆಯವರು. ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಸೊಪ್ಪು ವಿಂಗಡಿಸುವುದನ್ನು ಕಲಿಸಿದವರು ಅವರೇ. ನಿಂಬೆ ಬಣ್ಣದ್ದು ಒಂದು ಕಡೆ, ಕಿತ್ತಲೆಯದು ಒಂದು ಕಡೆ, ಕಂದು ತಿರುಗಿದ್ದು ಇನ್ನೊಂದು ಕಡೆ, ಹಸಿರು ಉಳಿದದ್ದು ಮೂಲೆಗೆ.

ಮದುವೆಯಾದ ಮೂರನೇ ವರ್ಷ ಕೆರೆ ಕೆಳಗಿನ ಹೊಲದ ಬಗ್ಗೆ ಮಾತು ಬಂತು. ಎರಡೆಕರೆ ಚಿಲ್ಲರೆ. ಎಷ್ಟೋ ವರ್ಷದಿಂದ ಸೊಪ್ಪು, ಸೊಪ್ಪಿನ ಮೇಲೆ ರಾಗಿ, ಮತ್ತೆ ಸೊಪ್ಪು. ಗಿಡ ಮೊಣಕಾಲೆತ್ತರಕ್ಕೆ ನಿಂತುಬಿಡುತ್ತಿತ್ತು. ಕಿತ್ತು ನೋಡಿದರೆ ಬೇರೆಲ್ಲ ಊದಿಕೊಂಡು ಶುಂಠಿಯ ಹಾಗೆ ಇರುತ್ತಿತ್ತು. ಅದು ಗಂಟುರೋಗ, ಕಣ್ಣಿಗೆ ಕಾಣದ ಹುಳುವಿನಿಂದ ಬರುವುದು, ಸೊಪ್ಪಿನವರಿಗೆ ಅದರ ಹೆಸರು ಕೇಳಿದರೇ ಆಗದು. "ಆ ಭೂಮಿ ಸತ್ತೋಗದೆ" ಎಂದು ಭಾವ ಊಟಕ್ಕೆ ಕುಳಿತಾಗ ಹೇಳಿದರು.

ಮಾರನೆಯ ಸಂಜೆ ದನದ ಕೊಟ್ಟಿಗೆಯಲ್ಲಿ ಗಂಡನ ಹತ್ತಿರ ನನ್ನ ಯೋಚನೆ ಹೇಳಿದೆ. ಅಶ್ವಿನಿ ಮಳೆ ಬಿದ್ದ ಕೂಡಲೆ ಆ ಹೊಲಕ್ಕೆ ಸೆಣಬು ಬಿತ್ತಬೇಕು. ಹೂವಾಗುವ ಮೊದಲೇ ಅದನ್ನು ಉತ್ತು ಮಣ್ಣಿಗೆ ಸೇರಿಸಬೇಕು. ಸೆಣಬೂ ಅಲಸಂದೆಯ ಹಾಗೆ ದ್ವಿದಳ ಜಾತಿಯದೇ. ಅದು ಗಂಟುರೋಗದ ಹುಳುವನ್ನು ಬೆಳೆಯಗೊಡುವುದಿಲ್ಲ, ಜೊತೆಗೆ ಬೇರಿನ ಬ್ಯಾಕ್ಟೀರಿಯಾದಿಂದ ಬಂದ ಸಾರವೆಲ್ಲ ಮಣ್ಣಿಗೆ ಸೇರುತ್ತದೆ.

"ಒಂದು ಮಾತು ಮಾತ್ರ ಮರೀಬೇಡಿ" ಎಂದೆ. "ಸೆಣಬು ಉತ್ತ ಮೇಲೆ ಚೀಲದ ಗೊಬ್ಬರ ಅರ್ಧಕ್ಕಿಳಿಸ್ಬೇಕು. ಮೇಲುಗೊಬ್ಬರ ಬೇಡವೇ ಬೇಡ. ಹೊಗೆಸೊಪ್ಪಿಗೆ ಸಾರಜನಕ ಜಾಸ್ತಿಯಾದ್ರೆ ಎಲೆ ಹಳದಿ ತಿರುಗಿ ಹಣ್ಣಾಗಲ್ಲ."

"ಅಷ್ಟು ಗೊತ್ತಿಲ್ವಾ ನಂಗೆ" ಎಂದರು ಗಂಡ. ಅವರಿಗೆ ಆವತ್ತು ನನ್ನ ಮಾತು ಬಹಳ ಹಿಡಿಸಿತ್ತು. ಹಸುವಿನ ಮೈ ತಿಕ್ಕುತ್ತ ಎರಡು ಸಲ ಕೇಳಿಸಿಕೊಂಡರು. "ಅಣ್ಣಂಗೆ ನಾನೇಳ್ತೀನಿ ಬುಡು" ಎಂದರು.

ಹೇಳಿದರು ಕೂಡ. ಭಾವ ಒಪ್ಪಿದರು. ಸತ್ತ ಭೂಮಿ, ಹೋದರೆ ಏನು ಹೋದೀತು ಎಂದು ಒಪ್ಪಿದರೋ, ತಮ್ಮ ಮೊದಲ ಸಲ ಬಾಯಿಬಿಟ್ಟು ಏನೋ ಕೇಳಿದ ಎಂದು ಒಪ್ಪಿದರೋ ತಿಳಿಯದು.

ಸೆಣಬು ಹುಲುಸಾಗಿ ಬಂತು. ತಿಂಗಳು ತುಂಬುವುದರೊಳಗೆ ಸೊಂಟ ಮುಟ್ಟಿತು. ನಾನು ದಿನವೂ ಏನಾದರೊಂದು ನೆವ ಮಾಡಿಕೊಂಡು ಕೆರೆ ಕೆಳಕ್ಕೆ ಹೋಗಿ ನೋಡಿ ಬರುತ್ತಿದ್ದೆ. ಒಂದು ಬೆಳಿಗ್ಗೆ ಬುತ್ತಿ ತೆಗೆದುಕೊಂಡು ಹೋದಾಗ ಭಾವ ಬದುವಿನ ಮೇಲೆ ನಿಂತಿದ್ದರು. ಕೈಯಲ್ಲಿ ಕಿತ್ತ ಸೆಣಬಿನ ಗಿಡ. ಪಕ್ಕದಲ್ಲಿ ನನ್ನ ಗಂಡ ತಲೆ ಬಗ್ಗಿಸಿ ನಿಂತಿದ್ದರು.

"ನೋಡ್ಲಾ ಇದ, ಬೇರಿನ ತುಂಬ ಗಂಟು" ಎನ್ನುತ್ತಿದ್ದರು ಭಾವ. "ಇರೋ ರೋಗ ಸಾಲ್ದು ಅಂತ ಇನ್ನೊಂದಷ್ಟು ಬಿತ್ತಿದ್ದೀಯ. ನಾಳೆಯೇ ಎಲ್ಲಾ ಕೀಳ್ಸಿ ಬದಿನ ಮೇಲೆ ಸುಡುಸ್ಬುಡು."

ಗಂಡ ಏನಾದರೂ ಹೇಳುತ್ತಾರೆ ಎಂದು ನಾನು ಕಾದೆ. ಅವರು ನೆಲ ನೋಡುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ ಎಂದಲ್ಲ, ಕೊಟ್ಟಿಗೆಯಲ್ಲಿ ಈ ಗಂಟಿನ ವಿಚಾರವನ್ನೇ ಬಿಡಿಸಿ ಹೇಳಿದ್ದೆ. ನಾನು ಬುತ್ತಿ ಕೆಳಗಿಟ್ಟು ಸೆರಗು ಸರಿಮಾಡಿಕೊಂಡೆ. ಮೂರು ವರ್ಷದಲ್ಲಿ ಮೊದಲ ಸಲ ಭಾವನ ಜೊತೆ ನೇರವಾಗಿ ಮಾತಾಡಿದೆ.

"ಭಾವ, ಇದು ಆ ಗಂಟಲ್ಲ. ಗಂಟುರೋಗ ಆದ್ರೆ ಬೇರೇ ಊದಿಕೊಂಡಿರ್ತದೆ, ಬಿಡಿಸಕ್ಕೆ ಬರಲ್ಲ. ಇದು ಬೇರಿನ ಪಕ್ಕಕ್ಕೆ ಅಂಟಿಕೊಂಡಿರೋದು. ಉಗುರಲ್ಲಿ ಮುಟ್ಟಿದ್ರೆ ಉದುರ್ತದೆ, ನೋಡಿ."

ಅವರು ಉಗುರಿನಿಂದ ತಳ್ಳಿದರು. ಉದುರಿತು.

"ಕುಯ್ದು ನೋಡಿ" ಎಂದೆ.

ಸೊಂಟದ ಚಾಕು ತೆಗೆದು ಅಂಗೈ ಮೇಲಿಟ್ಟು ಕುಯ್ದರು. ತುಂಬ ಹೊತ್ತು ಅದನ್ನೇ ನೋಡಿದರು.

"ರಕ್ತ ಇದ್ದಂಗದೆ" ಎಂದರು ಕೊನೆಗೆ.

"ಒಳಗಿರೋ ಜೀವ ಬದುಕಿದೆ, ಕೆಲಸ ಮಾಡ್ತದೆ ಅಂತ ಅರ್ಥ. ಗಾಳಿಯಿಂದ ಗೊಬ್ಬರ ಮಾಡಿಕೊಡ್ತದೆ. ಇದನ್ನ ಉತ್ತರೆ ಅಷ್ಟೂ ಭೂಮಿಗೆ."

ಭಾವ ಇನ್ನೂ ನಾಲ್ಕು ಗಿಡ ಕಿತ್ತರು, ನಾಲ್ಕರ ಗಂಟನ್ನೂ ಕುಯ್ದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ನಿನಗಿಂತ ನಿನ್ನೆಂಡ್ತೀನೇ ವಾಸಿ ಕಣ್ಲಾ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಆ ದಿನ ಕಾಲು ನೆಲದ ಮೇಲಿರಲಿಲ್ಲ. ಗೊಬ್ಬರ ಅರ್ಧ ಇಳಿಸುವ ಮಾತನ್ನು ಅಲ್ಲೇ, ಆಗಲೇ, ಅವರ ಕಿವಿಗೆ ಹಾಕಬಹುದಿತ್ತು. ಬಾಯಿ ತೆರೆದೆ. ಗಂಡ ಸಣ್ಣಗೆ ಕೈ ಅಡ್ಡ ಮಾಡಿ, "ಮಿಕ್ಕಿದ್ದ ನಾನೇಳ್ತೀನಿ, ನೀ ನಡಿ" ಎಂದರು. ನಡೆದೆ. ಅಣ್ಣ ಆಡಿದ ಮಾತು ಅವರಿಗೆ ನಾಟಿತ್ತು ಎಂಬುದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಪ್ರಾಯಶಃ ನಡೆಯುತ್ತಿದ್ದೆ.

ಸೆಣಬು ಉತ್ತರು. ಎರಡು ವಾರ ಕೊಳೆಯಲು ಬಿಟ್ಟರು. ಸಸಿ ನೆಡುವ ಹೊತ್ತಿಗೆ ತವರಿನಿಂದ ಫೋನ್ ಬಂತು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದರು. ನಾನು ಕೆ.ಆರ್. ನಗರಕ್ಕೆ ಹೋದವಳು ಎರಡು ತಿಂಗಳು ಅಲ್ಲೇ ಉಳಿದೆ. ಅಲ್ಲಿಂದ ಗಂಡನಿಗೆ ಫೋನ್ ಮಾಡಿದಾಗೆಲ್ಲ ಹೊಲದ ಬಗ್ಗೆ ಕೇಳುತ್ತಿದ್ದೆ.

"ಗೊಬ್ಬರದ್ದು ಏನಾಯ್ತು?"

"ಆಯ್ತು ಬುಡು ಅದೆಲ್ಲ. ನಿಮ್ಮವ್ವನ್ನ ನೋಡ್ಕ ನೀನು."

ಆಯ್ತು ಬುಡು. ಆ ಎರಡು ಪದವನ್ನು ಆಮೇಲೆ ಎಷ್ಟು ಸಲ ತಿರುಗಿಸಿ ತಿರುಗಿಸಿ ನೋಡಿದ್ದೇನೋ. ಅವರು ಸುಳ್ಳು ಹೇಳಲಿಲ್ಲ. ಗೊಬ್ಬರ ಹಾಕಿ ಆಗಿತ್ತು.

ವಾಪಸು ಬಂದಾಗ ಕೆರೆ ಕೆಳಗಿನ ಹೊಲ ನೋಡಲು ಜನ ಬರುತ್ತಿದ್ದರು. ಎದೆಯುದ್ದ ಗಿಡ, ಮೊರದಗಲ ಎಲೆ, ಕಪ್ಪೆನ್ನುವಷ್ಟು ಹಸಿರು. ಭಾವ ಬಂದವರಿಗೆಲ್ಲ, "ನಮ್ಮ ಚಿಕ್ಕವಳ ಗ್ಯಾನ ಇದು" ಎಂದು ಹೇಳುತ್ತಿದ್ದರಂತೆ. ಅಕ್ಕ ಬಂದು ನನಗೆ ಹೇಳಿದರು. ನಾನು ಬದುವಿನ ಮೇಲೆ ನಿಂತು ಆ ಬಣ್ಣ ನೋಡಿದಾಗ ಸಣ್ಣದೊಂದು ಅಳುಕು ಹುಟ್ಟಿತು. ಅರ್ಧ ಗೊಬ್ಬರಕ್ಕೆ ಇಷ್ಟು ಹಸಿರೇ? ಸೆಣಬು ಚೆನ್ನಾಗಿ ಕೊಳೆತಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಹೊಗಳಿಕೆ ಕಿವಿಗೆ ಬೀಳುತ್ತಿರುವಾಗ ಅಳುಕನ್ನು ಯಾರು ತಾನೇ ಕೆದಕುತ್ತಾರೆ.

ಬೇರೆ ಹೊಲಗಳಲ್ಲಿ ಅಡಿ ಎಲೆ ಹಳದಿ ತಿರುಗಿತು, ಮುರಿದರು, ಬೇಯಿಸಿದರು. ಕೆರೆ ಕೆಳಗಿನ ಹೊಲ ಹಾಗೇ ನಿಂತಿತ್ತು. ಒಂದು ವಾರ ಕಾದರು. ಹತ್ತು ದಿನ ಕಾದರು. ಎಲೆ ಇನ್ನೂ ದಪ್ಪವಾಯಿತೇ ಹೊರತು ಬಣ್ಣ ಬಿಡಲಿಲ್ಲ. ಕೊನೆಗೆ ಭಾವ ಮುರಿಯಲು ಹೇಳಿದರು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಬ್ಯಾರನ್ನಿನಿಂದ ಇಳಿಸಿದ ಸೊಪ್ಪು ನೋಡಿ ಅಕ್ಕ ನೆಲದ ಮೇಲೆ ಕುಳಿತುಬಿಟ್ಟರು. ಅರ್ಧ ಹಸಿರು, ಮಿಕ್ಕದ್ದು ಸುಟ್ಟ ರೊಟ್ಟಿಯ ಬಣ್ಣ. ನಿಂಬೆ ಬಣ್ಣದ ರಾಶಿಗೆ ಹಾಕಲು ಒಂದು ಹಿಡಿ ಸಿಗಲಿಲ್ಲ. ನಾವಿಬ್ಬರೂ ದಿನಗಟ್ಟಲೆ ಕುಳಿತು ಎಲ್ಲವನ್ನೂ ಮೂಲೆಗೇ ಹಾಕಿದೆವು.

ಹರಾಜಿನ ದಿನ ಮಾರುಕಟ್ಟೆಯಲ್ಲಿ ಕೊಳ್ಳಲು ಬಂದವರು ಭಾವನ ಬೇಲುಗಳ, ಅಂದರೆ ಕಟ್ಟಿದ ಸೊಪ್ಪಿನ ಮೂಟೆಗಳ ಮುಂದೆ ನಿಂತು, ಒಳಗಿನಿಂದ ಒಂದು ಎಲೆ ಎಳೆದು ನೋಡಿ, ಕೈಬಿಟ್ಟು ಮುಂದಿನವರ ಮೂಟೆಗೆ ಹೋದರಂತೆ. ಅಲ್ಲಿ ಭಾವನ ಬೇಲುಗಳಿಗೆ ಜನ ಕಾದು ನಿಲ್ಲುತ್ತಿದ್ದ ಕಾಲವಿತ್ತು. ಅದೇ ಬೇಲುಗಳನ್ನು ಅದೇ ಟೆಂಪೋದಲ್ಲಿ ಹೇರಿಕೊಂಡು ವಾಪಸು ಬಂದರು. ಮನೆಯ ಮುಂದೆ ಅದನ್ನು ಇಳಿಸುವಾಗ ಬೀದಿಯವರೆಲ್ಲ ನೋಡಿದರು.

ಆವತ್ತು ಮಧ್ಯಾಹ್ನ ನಾನು ಸೊಪ್ಪಿನ ಕೋಣೆಯಲ್ಲಿದ್ದೆ. ಜಗುಲಿಯ ಮೇಲೆ ಅಣ್ಣ ತಮ್ಮ ಕುಳಿತಿದ್ದರು. ನಡುವೆ ಒಂದು ಗೋಡೆ, ಮೇಲೆ ಗಾಳಿಗೆ ಬಿಟ್ಟ ಕಂಡಿ.

ಭಾವ ನಿಧಾನವಾಗಿ ಕೇಳಿದರು. "ಆ ಸೆಣಬು ಹಾಕ್ಬೇಕಾದ್ರೆ ಅವಳು ಬೇರೇನಾರ ಯೋಳಿದ್ಲಾ? ಹಿಂಗೆ ಮಾಡ್ಬೇಕು, ಹಂಗೆ ಮಾಡ್ಬಾರ್ದು ಅಂತ?"

"ಇಲ್ಲ ಕಣಣ್ಣ. ಸೆಣಬು ಹಾಕಿ ಉಳದೊಂದೇ ಯೋಳಿದ್ದು."

"ಓದ್ದೋಳು ಅಂತ ನಂಬ್ಬುಟ್ಟೆ" ಎಂದರು ಭಾವ.

ನನ್ನ ಕೈಯಲ್ಲಿ ಒಂದು ಎಲೆ ಇತ್ತು. ಅದನ್ನು ಯಾವ ರಾಶಿಗೆ ಹಾಕಬೇಕೆಂದು ತಿಳಿಯದವಳಂತೆ ಹಿಡಿದುಕೊಂಡೇ ಕುಳಿತೆ. ಎದ್ದು ಜಗುಲಿಗೆ ಹೋಗಿ ಹೇಳಬಹುದಿತ್ತು. ಹತ್ತು ಹೆಜ್ಜೆ ಅಷ್ಟೆ. ಆದರೆ ಮೊದಲು ನಿಜ ತಿಳಿಯಬೇಕಿತ್ತು.

ನಮ್ಮಲ್ಲಿ ಸೊಪ್ಪಿನ ಕೆಲಸಕ್ಕೆ ಎಚ್.ಡಿ. ಕೋಟೆ ಕಡೆಯ ಹಾಡಿಗಳಿಂದ, ಕಾಡಂಚಿನ ಆದಿವಾಸಿ ಕೇರಿಗಳಿಂದ, ಜನ ಜೀಪಿನಲ್ಲಿ ಬರುತ್ತಿದ್ದರು. ಅವರಲ್ಲಿ ಒಬ್ಬ ಹೆಂಗಸು, ನನಗಿಂತ ಹಿರಿಯಳು, ಎಂಟು ಹತ್ತು ವರ್ಷದಿಂದ ನಮ್ಮ ಮನೆಗೇ ಬರುತ್ತಿದ್ದವಳು. ಗೊಬ್ಬರ ಹಾಕುವುದು, ಕುಡಿ ಮುರಿಯುವುದು ಎಲ್ಲ ಅವಳ ಕೈಯಲ್ಲೇ. ಮಾರನೆಯ ದಿನ ಅವಳಿಗೆ ಟೀ ಕೊಡುತ್ತ ಕೇಳಿದೆ.

"ಕೆರೆ ಕೆಳಗಿನ ಹೊಲಕ್ಕೆ ಈ ಸಲ ಗೊಬ್ಬರ ಎಷ್ಟು ಹಾಕಿದ್ರಿ?"

"ಯಾವಾಗ್ಲೂ ಹಾಕಂಗೇ ಅವ್ವ. ಗಿಡಕ್ಕೊಂದು ಹಿಡಿ."

"ಮೇಲುಗೊಬ್ಬರ?"

"ಅದೂ ಹಾಕ್ದೋ. ಚಿಕ್ಕ ಯಜಮಾನ್ರೇ ನಿಂತ್ಕಂಡು ಹಾಕ್ಸುದ್ರು. ನಾನು ಕೇಳ್ದೆ, ಸೆಣಬು ಉತ್ತವ್ರಲ್ಲ, ಇಷ್ಟು ಬೇಕಾ ಅಂತ. ನಮ್ಮ ಕಡೆ ಅವರೆ ಕಿತ್ತ ನೆಲಕ್ಕೆ ನಾವು ಏನೂ ಹಾಕಕ್ಕಿಲ್ಲ. ಅವ್ರು, ಸುಮ್ಕೆ ಹಾಕು ಅಂದ್ರು."

ಬಿ.ಎಸ್ಸಿ. ಓದದ ಆಕೆಗೂ ಗೊತ್ತಿತ್ತು.

ಆ ಸಂಜೆ ಕೊಟ್ಟಿಗೆಯಲ್ಲಿ, ಅದೇ ಜಾಗದಲ್ಲಿ, ಗಂಡನನ್ನು ಕೇಳಿದೆ. ಕೂಗಾಡಲಿಲ್ಲ. "ಯಾಕೆ ಹೇಳಲಿಲ್ಲ?" ಎಂದಷ್ಟೇ ಕೇಳಿದೆ.

ಅವರು ಮೊದಲು ಮರೆತುಹೋಯಿತು ಎಂದರು. ಆಮೇಲೆ ಅಣ್ಣನಿಗೆ ಹೇಳಲು ಸಮಯ ಸಿಗಲಿಲ್ಲ ಎಂದರು. ನಾನು ಅಲ್ಲಿಂದ ಕದಲಲಿಲ್ಲ. ಕೊನೆಗೆ ಹುಲ್ಲಿನ ಕಂತೆ ಕೆಳಗಿಟ್ಟರು.

"ಗೊಬ್ಬರ ಕಮ್ಮಿ ಮಾಡು ಅಂತ ಅಣ್ಣನ ಮುಂದೆ ಎಂಗನ್ನದು? ಆಗ್ಲೇ ಬದಿನ ಮೇಲೆ ಅಂದ್ನಲ್ಲ, ನಿನಗಿಂತ ನಿನ್ನೆಂಡ್ತೀನೇ ವಾಸಿ ಅಂತ. ಇನ್ನೂ ಒಂದ ಯೋಳುದ್ರೆ, ಎಂಡ್ತಿ ಯೋಳ್ದಂಗೆ ಕುಣೀತಾನೆ ಅನ್ನನು."

"ಜಗುಲಿ ಮೇಲೆ ನಿನ್ನೆ ಕೇಳಿದ್ರಲ್ಲ. ಆಗ್ಲಾದ್ರೂ ಹೇಳಬಹುದಿತ್ತು."

"ಆಗ ಯೋಳುದ್ರೆ ನನ್ ಮಾನ ಏನಾಯ್ತಿತ್ತು? ನೀನು ಎಂಗ್ಸು. ನಾಕು ದಿನ ಅಂತಾರೆ, ಮರೀತಾರೆ. ನಾನು ಈ ಮನೇಲಿ ಬಾಳ್ಬೇಕಲ್ಲ."

ನಾನೂ ಆ ಮನೆಯಲ್ಲೇ ಬಾಳಬೇಕಿತ್ತು. ಅದನ್ನು ಅವರಿಗೆ ಹೇಳಲಿಲ್ಲ. ಹಾಲು ಕರೆದ ಪಾತ್ರೆ ತೆಗೆದುಕೊಂಡು ಒಳಗೆ ಬಂದೆ. ಆ ದಿನ ಸುಮ್ಮನಾದದ್ದಕ್ಕೆ ಗಂಡನನ್ನು ದೂರಲಾರೆ, ನನ್ನ ಬಾಯಿ ಕಟ್ಟಿದವರು ಯಾರೂ ಇರಲಿಲ್ಲ. ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡೆ. ಅದಕ್ಕೆ ಅವರು ಕೃತಜ್ಞರಾಗಿರುತ್ತಾರೆ ಎಂದೂ ಎಲ್ಲೋ ಒಂದು ಕಡೆ ನಂಬಿದ್ದೆ. ಅವರು ಕೃತಜ್ಞರಾಗಲಿಲ್ಲ, ನನ್ನನ್ನು ಕಂಡರೆ ಮುಜುಗರಪಡತೊಡಗಿದರು. ಕೆಲವು ವರ್ಷಗಳಲ್ಲಿ ಆ ಮುಜುಗರವೇ ಸಿಡುಕಾಯಿತು. ಸೆಣಬಿನ ಕತೆ ಎಂದು ಮೊದಲ ಸಲ ಹೇಳಿದವರು ಯಾರು ಎಂದು ನೆನಪಿಲ್ಲ. ಎರಡನೇ ಸಲ ಹೇಳಿದವರು ನನ್ನ ಗಂಡ.

ಆ ಮೇಲೆ ಮನೆಯಲ್ಲಿ ನಾನು ಬಾಯಿಬಿಡಲಿಲ್ಲ, ಬಿಟ್ಟರೂ ಯಾರೂ ಕೇಳುತ್ತಿರಲಿಲ್ಲ. ಹುಣಸೂರಿನ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಕೆಲಸ ಸಿಕ್ಕಿತು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದೆ. ಪಾಠದಲ್ಲಿ ಆ ಅಧ್ಯಾಯ ಬಂದಾಗ ಪುಸ್ತಕದ ಚಿತ್ರ ತೋರಿಸಿ ಮುಂದಕ್ಕೆ ಹೋಗುತ್ತಿದ್ದೆ. ಶಾಲೆಯ ಹಿಂದಿನ ಬೇಲಿಯಲ್ಲೇ ಅವರೆ ಬಳ್ಳಿ ಇತ್ತು, ಕಿತ್ತು ತಂದು ತೋರಿಸಲು ಐದು ನಿಮಿಷ ಸಾಕಿತ್ತು. ಒಂದು ವರ್ಷವೂ ಕೀಳಲಿಲ್ಲ.

ಕೆಲವು ವರ್ಷಗಳ ನಂತರ ಭಾವನಿಗೆ ಕಾಯಿಲೆಯಾಯಿತು. ಮೈಸೂರಿಗೆ ಓಡಾಡಿ, ಇನ್ನು ಮನೆಯಲ್ಲೇ ಇರಲಿ ಎಂದು ಡಾಕ್ಟರು ಹೇಳಿದ ಮೇಲೆ ನಡುಮನೆಯಲ್ಲಿ ಮಂಚ ಹಾಕಿದೆವು. ಒಂದು ಭಾನುವಾರ ನಾನು ಗಂಜಿ ಕುಡಿಸಿ ಎದ್ದೆ. ಗಂಡ ಬಾಗಿಲ ಹತ್ತಿರ ನಿಂತಿದ್ದರು. ಭಾವ ನನ್ನನ್ನು ಕೂರಲು ಹೇಳಿದರು.

"ನಿಂಗೊಂದು ಮಾತು ಯೋಳ್ಬೇಕು ಅಂತಿದ್ದೆ ಕಣವ್ವ" ಎಂದರು. ಉಸಿರು ಸಾಲುತ್ತಿರಲಿಲ್ಲ, ತಡೆದು ತಡೆದು ಹೇಳಿದರು. "ಆ ಸೆಣಬಿಂದು. ನಾನು ಮನಸ್ನಲ್ಲಿ ಮಡೀಕಂಡಿಲ್ಲ. ಓದ್ದೋರೂ ತಪ್ತಾರೆ. ಒಳ್ಳೇದಾಗ್ಲಿ ಅಂತ್ಲೇ ಮಾಡ್ದೆ ನೀನು. ನಾನು ಆವತ್ತೇ ಕ್ಷಮಿಸ್ಬುಟ್ಟೆ. ನೀ ಅದನ್ನೇ ಕೊರೀಕಂಡು ಕೂತ್ಕಬ್ಯಾಡ."

ನಾನು ಬಾಗಿಲ ಕಡೆ ನೋಡಿದೆ. ಗಂಡನ ಕಣ್ಣು ಒಂದು ಕ್ಷಣ ನನ್ನ ಕಣ್ಣಿಗೆ ಸಿಕ್ಕಿತು. ಬೇಡ ಎಂದು ಅವರು ತಲೆ ಅಲ್ಲಾಡಿಸಲಿಲ್ಲ, ಹೇಳು ಎಂದೂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

"ಸರಿ ಭಾವ" ಎಂದೆ. ನಾನು ಮಾಡದ ತಪ್ಪಿಗೆ ಸಾಯುವವರೊಬ್ಬರು ಕೊಟ್ಟ ಕ್ಷಮೆ. ಅದನ್ನು ಕೈ ಮುಗಿದು ತೆಗೆದುಕೊಂಡೆ. ಅವರು ನೆಮ್ಮದಿಯಿಂದ ಕಣ್ಣು ಮುಚ್ಚಿ ನಿದ್ದೆಹೋದರು. ನನಗೆ ಅವರ ಮೇಲೆ ಸಿಟ್ಟು ಬರಬೇಕೋ ಬೇಡವೋ ಇಂದಿಗೂ ಬಗೆಹರಿದಿಲ್ಲ. ಬಚ್ಚಲಿಗೆ ಹೋಗಿ ಗಂಜಿ ಲೋಟ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಅವರು ಆ ತಿಂಗಳೇ ತೀರಿಕೊಂಡರು.

ಬೇಸಾಯವೆಲ್ಲ ನನ್ನ ಗಂಡನ ಕೈಗೆ ಬಂತು. ಎರಡು ವರ್ಷ ಅಣ್ಣ ಮಾಡಿದ ಹಾಗೇ ಮಾಡಿದರು. ಮೂರನೇ ವರ್ಷ, ನನಗೆ ಒಂದು ಮಾತೂ ಹೇಳದೆ, ಅಶ್ವಿನಿ ಮಳೆಗೆ ಕೆರೆ ಕೆಳಗಿನ ಹೊಲಕ್ಕೆ ಸೆಣಬು ಬಿತ್ತಿದರು. ನಾನು ಬಸ್ಸಿನ ಕಿಟಕಿಯಿಂದ ನೋಡಿದೆ. ಮೊಳಕೆ ಬಂದು ಹೊಲ ಹಸಿರಾದ ಮೇಲೆಯೇ ನನಗೆ ಗೊತ್ತಾದದ್ದು. ಉತ್ತರು, ಗೊಬ್ಬರ ಅರ್ಧಕ್ಕಿಳಿಸಿದರು, ಮೇಲುಗೊಬ್ಬರ ಹಾಕಲಿಲ್ಲ. ಸೊಪ್ಪು ನಿಂಬೆ ಬಣ್ಣಕ್ಕೆ ಬೆಂದು ಬಂತು. ಅಕ್ಕ ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದು ನೋಡಿ, ನಿಂಬೆ ಬಣ್ಣದ ರಾಶಿಗೆ ಹಾಕಿದರು.

ಕಳೆದ ವರ್ಷ ಅಕ್ಕಪಕ್ಕದ ಊರಿನವರು ನಾಲ್ಕೈದು ಜನ ಅದನ್ನು ಕೇಳಿಕೊಂಡು ಮನೆಗೆ ಬಂದರು. ನಾನು ಕಾಫಿ ತಂದುಕೊಟ್ಟೆ. ಗಂಡ ಬೇರಿನ ಗಂಟಿನ ವಿಷಯ ಹೇಳುತ್ತಿದ್ದರು. ಗಿಡ ಕರೆಯುತ್ತದೆ, ಬ್ಯಾಕ್ಟೀರಿಯಾ ಬರುತ್ತದೆ, ಒಂದು ಸಕ್ಕರೆ ಕೊಡುತ್ತದೆ, ಒಂದು ಸಾರ ಕೊಡುತ್ತದೆ. ಕೊಟ್ಟಿಗೆಯಲ್ಲಿ ನಾನು ಹೇಳಿದ ಮಾತುಗಳೇ, ನಾನು ಹೇಳಿದ ಕ್ರಮದಲ್ಲೇ. ಒಂದೂ ಮರೆತಿರಲಿಲ್ಲ.

"ಗೊಬ್ಬರ ಅರ್ಧ ಇಳ್ಸದೇ ಮುಖ್ಯ ಕಣ್ರಪ್ಪ" ಎಂದರು. "ಅದು ಗೊತ್ತಿಲ್ದೆ ಮಾಡುದ್ರೆ ಸೊಪ್ಪು ಹಣ್ಣಾಗಕ್ಕಿಲ್ಲ."

ಬಂದವರಲ್ಲಿ ಒಬ್ಬರು ನಕ್ಕರು. "ಆವತ್ತು ನಿಮ್ಮನೇಲಿ ಹಂಗೇ ಆಗಿತ್ತಲ್ವಾ? ಅಣ್ಣಾವ್ರು ಬೇಲು ವಾಪಸ್ ತಂದಿದ್ರು."

"ಆಗ ಯಾರಿಗೆ ಗೊತ್ತಿತ್ತು" ಎಂದರು ನನ್ನ ಗಂಡ.

ನಾನು ಖಾಲಿ ಲೋಟ ಎತ್ತಿಕೊಳ್ಳುತ್ತಿದ್ದೆ. "ನಂಗೆ ಗೊತ್ತಿತ್ತು" ಎಂದೆ. "ಸೆಣಬು ಬಿತ್ತೋ ಮೊದ್ಲೇ ಇವರಿಗೆ ಹೇಳಿದ್ದೆ. ಅರ್ಧಕ್ಕಿಳಿಸಿ, ಮೇಲುಗೊಬ್ಬರ ಬೇಡ ಅಂತ. ಇವರು ಭಾವಂಗೆ ಹೇಳಲಿಲ್ಲ."

ಇಷ್ಟು ವರ್ಷ ಹೊತ್ತದ್ದು ಮೂರು ವಾಕ್ಯದಲ್ಲಿ ಮುಗಿದುಹೋಯಿತು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡ ಹೆಂಡತಿಯ ಜಗಳದಲ್ಲಿ ಸಿಕ್ಕಿಕೊಂಡೆವಲ್ಲ ಎಂಬ ಕಸಿವಿಸಿ ಬಿಟ್ಟರೆ ಅವರ ಮುಖದಲ್ಲಿ ಬೇರೇನೂ ಇರಲಿಲ್ಲ. ಒಬ್ಬರು ಪಿರಿಯಾಪಟ್ಟಣದ ಕಡೆ ಮಳೆ ಹೇಗಿದೆ ಎಂದು ಮಾತು ತೆಗೆದರು. ಗಂಡ ಆ ಮಾತಿಗೆ ಸೇರಿಕೊಂಡರು.

ಒಳಗೆ ಅಕ್ಕ ಅಕ್ಕಿ ಆರಿಸುತ್ತಿದ್ದರು. ಬಾಗಿಲು ತೆರೆದಿತ್ತು, ಎಲ್ಲ ಕೇಳಿಸಿರಬೇಕು. ನಾನು ಹೋಗಿ ಅವರೆದುರು ಕುಳಿತೆ.

"ಅಕ್ಕ, ನಾನು ಹೇಳಿದ್ದು ನಿಜ" ಎಂದೆ.

ಅವರು ಮೊರದಿಂದ ಕಣ್ಣೆತ್ತಲಿಲ್ಲ. "ಗೊತ್ತು" ಎಂದರು.

ಈಗ ಕೇಳಿಸಿಕೊಂಡದ್ದರಿಂದ ಗೊತ್ತು ಎನ್ನುತ್ತಿದ್ದಾರೆ ಎಂದುಕೊಂಡೆ.

"ಆವಾಗ್ಲಿಂದ್ಲೂ ಗೊತ್ತು" ಎಂದರು. "ಹಾಡಿ ಹೆಂಗ್ಸು ಬಂದು ಯೋಳಿದ್ಲು, ಚಿಕ್ಕವ್ವ ಗೊಬ್ಬರದ ವಿಚಾರ ಕೇಳಿ ಮೊಕ ಕೆಡ್ಸಕಂಡ್ರು ಅಂತ. ಆಮೇಲೆ ನೀವಿಬ್ರೂ ಕೊಟ್ಗೇಲಿ ಮಾತಾಡಿದ್ದೂ ನಂಗೆ ಕೇಳುಸ್ತು. ಹಿತ್ಲಲ್ಲಿ ಪಾತ್ರೆ ಬೆಳುಗ್ತಿದ್ದೆ."

"ಭಾವಂಗೆ ಹೇಳಲಿಲ್ವಾ?"

"ಯಾಕೇಳ್ಲಿ? ಯೋಳಿದ್ರೆ ತಮ್ಮಂಗೆ ಬಾಯಿಗ್ ಬಂದಂಗೆ ಬಯ್ಯೋರು. ಇಬ್ರೂ ಒಡ್ದೋಗೋರು. ಮನೆ ಎಲ್ಡಾಗದು." ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು. "ನೀನು ತಡ್ಕತೀಯ ಅಂತ ಗೊತ್ತಿತ್ತು ಕಣವ್ವ. ತಡ್ಕಂಡೆ. ಮನೆ ಒಂದಾಗಿ ಉಳೀತು."

ಅವರು ಅದನ್ನು ಮೆಚ್ಚುಗೆಯಾಗಿಯೇ ಹೇಳಿದರು. ಮೊರದ ಒಂದು ಅಂಚನ್ನು ನನ್ನ ಕಡೆ ಸರಿಸಿದರು. ನಾನು ಆರಿಸಲು ಕೂರಲಿಲ್ಲ. ಎದ್ದು, ಶಾಲೆಯ ಉತ್ತರ ಪತ್ರಿಕೆಗಳ ಕಟ್ಟು ತೆಗೆದುಕೊಂಡು, ಕೋಣೆಯ ಬಾಗಿಲು ಹಾಕಿಕೊಂಡೆ. ಅಂದಿನಿಂದ ಅಕ್ಕನ ಜೊತೆಗೂ ನನ್ನ ಮಾತು ಅಷ್ಟಕ್ಕಷ್ಟೆ.